ಸಮಾಜ ವಿಜ್ಞಾನದ ಬೋಧನೆಯಲ್ಲಿ ಕಿರುಗುಂಪು: ಹೆಮ್ಮರಗಾಲದ ಅನುಭವ

೧

ಸಮಾಜ ವಿಜ್ಞಾನಗಳನ್ನು ಬೋಧಿಸುವವರಿಗೆ ಇತರ ಅಧ್ಯಾಪಕರಿಗಿಲ್ಲದ ಒಂದು ಅನುಕೂಲವೂ ಒಂದು ತೊಡಕೂ ಉಂಟು. ರಸಾಯನಶಾಸ್ತ್ರದ ವಿದ್ಯಾರ್ಥಿ ತಾನು ಪರೀಕ್ಷಿಸುವ ಲವಣದೊಳಗೆ ಬಾಳುತ್ತಿರುವುದಿಲ್ಲ. ಸಮಾಜ ವಿಜ್ಞಾನದ ವಿದ್ಯಾರ್ಥಿಯಾದರೋ ತಾನು ಓದುವ ವಸ್ತುವಿನೊಳಗೇ ಹುಟ್ಟಿ ಬೆಳೆದವನು. ಜಾತಿ, ಕುಟುಂಬ, ಜಮೀನು, ದೇವಸ್ಥಾನ, ಪಂಚಾಯಿತಿ ಇವುಗಳ ವಿಚಾರವಾಗಿ ತರಗತಿಗೆ ಬರುವ ಮೊದಲೇ ಆತನಿಗೆ ಬೇಕಾದಷ್ಟು ತಿಳಿದಿರುತ್ತದೆ. ಇದು ಅನುಕೂಲ. ತಿಳಿದಿದೆಯೆಂದು ನಂಬಿದ್ದನ್ನು ಮತ್ತೆ ಪರೀಕ್ಷಿಸುವ ಗೊಡವೆಗೆ ಆತ ಹೋಗುವುದಿಲ್ಲ, ಇದು ತೊಡಕು. ಉಪನ್ಯಾಸವು ಎಷ್ಟೇ ಉತ್ತಮವಾಗಿರಲಿ, ಈ ತೊಡಕನ್ನು ಅದೊಂದೇ ನಿವಾರಿಸಲಾರದು. ವಿದ್ಯಾರ್ಥಿ ಪುಸ್ತಕದ ವ್ಯಾಖ್ಯೆಯನ್ನು ಒಂದು ಕಡೆ, ಊರಿನ ಅನುಭವವನ್ನು ಇನ್ನೊಂದು ಕಡೆ ಇಟ್ಟುಕೊಂಡು, ಎರಡಕ್ಕೂ ಮುಖಾಮುಖಿಯಾಗದಂತೆ ಪದವಿಯನ್ನು ಮುಗಿಸಿಬಿಡಬಹುದು.

ಈ ಕೊರತೆ ಹೊಸದಾಗಿ ಕಂಡುಬಂದುದಲ್ಲ. ಡಾ|| ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ೧೯೪೮-೪೯ರ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು ಉಪನ್ಯಾಸದ ಜೊತೆಗೆ ಚಿಕ್ಕ ಗುಂಪಿನ ಪಾಠಗಳೂ ವಿಚಾರಗೋಷ್ಠಿಗಳೂ ನಡೆಯಬೇಕೆಂದು ಸಲಹೆಮಾಡಿತು. ೧೯೬೪-೬೬ರ ಕೊಠಾರಿ ಆಯೋಗವೂ ಅದೇ ದಿಕ್ಕಿನಲ್ಲಿ ಮಾತನಾಡಿತು. ಸಲಹೆಯನ್ನು ಅಲ್ಲಗಳೆದವರು ಯಾರೂ ಇಲ್ಲ. ಆದರೆ ಅದನ್ನು ನಡೆಸುವ ಬಗೆ ಹೇಗೆಂಬ ವಿವರ ನಮ್ಮಲ್ಲಿ ಹೆಚ್ಚಾಗಿ ಚರ್ಚೆಗೆ ಬಂದಿಲ್ಲ. ಪದವಿ ತರಗತಿಯ ವಿದ್ಯಾರ್ಥಿಗಳೊಡನೆ ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲವನ್ನು ಕೇಂದ್ರವಾಗಿಟ್ಟುಕೊಂಡು ನಾವು ನಡೆಸಿದ ಕೆಲಸದ ಆಧಾರದಿಂದ ಆ ವಿವರವನ್ನು ಇಲ್ಲಿ ನಿರೂಪಿಸಲು ಯತ್ನಿಸುತ್ತೇವೆ. ನಮ್ಮ ತಪ್ಪುಗಳನ್ನೂ ಮುಚ್ಚಿಡುವುದಿಲ್ಲ. ಈ ವಿಷಯದಲ್ಲಿ ನಾವು ಕಲಿತುದರ ಬಹುಭಾಗ ಅವುಗಳಿಂದಲೇ ಬಂದುದು.

೨

ಮೊದಲು ಗುಂಪು ಎಂದರೇನೆಂಬುದನ್ನು ತಿಳಿದುಕೊಳ್ಳಬೇಕು. ಐದು ಜನರನ್ನು ಒಂದು ಮೇಜಿನ ಸುತ್ತ ಕೂರಿಸಿದ ಮಾತ್ರಕ್ಕೆ ಗುಂಪು ಆಗುವುದಿಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ತೇರಿನ ಹಗ್ಗಕ್ಕೆ ಕೈಹಚ್ಚಿದವರಿಗೆಲ್ಲ ಗೊತ್ತಿರುವ ಒಂದು ಸಂಗತಿಯುಂಟು: ಹಗ್ಗ ಹಿಡಿದವರೆಲ್ಲರೂ ಎಳೆಯುತ್ತಿರುವುದಿಲ್ಲ. ಫ್ರಾನ್ಸಿನ ಕೃಷಿ ಇಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ನನು ೧೯೧೩ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ಅಳತೆಯಿಂದ ತೋರಿಸಿದವು. ಹಗ್ಗ ಎಳೆಯುವವರ ಸಂಖ್ಯೆ ಹೆಚ್ಚಿದಂತೆಲ್ಲ ಒಬ್ಬೊಬ್ಬನ ಪಾಲಿನ ಎಳೆತ ಕಡಿಮೆಯಾಗುತ್ತ ಹೋಯಿತು. ತೇರಿಗೆ ಇದರಿಂದ ಬಾಧಕವಿಲ್ಲ. ಹೇಗೂ ಅದು ನೆಲೆಗೆ ಮುಟ್ಟುತ್ತದೆ. ಆದರೆ ವಿದ್ಯಾಭ್ಯಾಸದಲ್ಲಿ ತೇರು ಮುಟ್ಟಿತೇ ಎಂಬುದು ಮುಖ್ಯವಲ್ಲ, ಪ್ರತಿಯೊಬ್ಬನೂ ಎಳೆದನೇ ಎಂಬುದೇ ಮುಖ್ಯ. ಒಬ್ಬನು ಬರೆದು ಐವರು ರುಜು ಹಾಕಿದ ವರದಿ ಎಷ್ಟು ಸೊಗಸಾಗಿದ್ದರೂ ನಾಲ್ವರ ಪಾಲಿಗೆ ಅದು ಪಾಠವಾಗಲಿಲ್ಲ.

ಇದಕ್ಕೆ ಪರಿಹಾರವನ್ನು ಸೂಚಿಸಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ ಒಬ್ಬರು. ೧೯೭೧ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಅದುವರೆಗೆ ಬೇರೆಬೇರೆಯಾಗಿ ಓದುತ್ತಿದ್ದ ಬಿಳಿಯ, ಕರಿಯ ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಒಂದೇ ಶಾಲೆಗೆ ಬಂದಾಗ ತರಗತಿಗಳಲ್ಲಿ ವೈಮನಸ್ಯ ತಲೆದೋರಿತು. ಆಗ ಆರನ್‌ಸನ್ನರೂ ಅವರ ಸಂಗಡಿಗರೂ ಒಂದು ಉಪಾಯ ಹೂಡಿದರು. ಪಾಠವನ್ನು ಐದಾರು ತುಣುಕುಗಳಾಗಿ ಮಾಡಿ, ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಣುಕನ್ನು ಮಾತ್ರ ಕೊಟ್ಟರು. ಉಳಿದ ತುಣುಕುಗಳು ಬೇಕಾದರೆ ಉಳಿದವರ ಮಾತನ್ನು ಕೇಳಲೇಬೇಕು; ಯಾರನ್ನಾದರೂ ಹೀಗಳೆದು ಬಾಯಿ ಮುಚ್ಚಿಸಿದರೆ ನಷ್ಟ ತಮಗೇ. ಅಗತ್ಯವು ಕಲಿಸಿದ ಈ ಆಲಿಸುವಿಕೆ ಕ್ರಮೇಣ ಅಭ್ಯಾಸವಾಗುತ್ತದೆಂಬುದು ಇದರ ತತ್ತ್ವ.

ಎರಡನೆಯ ಪಾಠ ಲಂಡನ್ನಿನಿಂದ ಬಂದುದು. ಅಲ್ಲಿನ ಯೂನಿವರ್ಸಿಟಿ ಕಾಲೇಜಿನ ವೈದ್ಯ ವಿದ್ಯಾರ್ಥಿಗಳೊಡನೆ ಚಿಕ್ಕ ಗೋಷ್ಠಿಗಳನ್ನು ನಡೆಸಿದ ಎಂ. ಎಲ್. ಜಾನ್ಸನ್ ಅಬರ್‌ಕ್ರೋಂಬಿಯವರು ೧೯೬೦ರಲ್ಲಿ ತಮ್ಮ ಅನುಭವವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಅವರು ವಿದ್ಯಾರ್ಥಿಗಳಿಗೆ ಎರಡು ಕೈಗಳ ಎಕ್ಸ್-ರೇ ಚಿತ್ರಗಳನ್ನು ಕೊಟ್ಟು, ಕಂಡ ವ್ಯತ್ಯಾಸಗಳನ್ನು ಬರೆಯಲು ಹೇಳುತ್ತಿದ್ದರು. ಬರೆದುದನ್ನು ಒಬ್ಬರಿಗೊಬ್ಬರು ಓದಿ ಹೇಳಿದಾಗ, ತಾವು ಬರೆದದ್ದರಲ್ಲಿ ಎಷ್ಟೋ ಭಾಗ ಕಂಡದ್ದಲ್ಲ, ಊಹಿಸಿದ್ದು ಎಂಬುದು ಅವರಿಗೆ ತಿಳಿಯುತ್ತಿತ್ತು. ಅಧ್ಯಾಪಕರು ಇದನ್ನು ನೂರು ಬಾರಿ ಹೇಳಿದರೂ ನಾಟುವುದಿಲ್ಲ. ತನ್ನಂಥವನೇ ಆದ ಇನ್ನೊಬ್ಬನು ಅದೇ ಚಿತ್ರದಲ್ಲಿ ಬೇರೊಂದನ್ನು ಕಂಡನೆಂದಾಗ ನಾಟುತ್ತದೆ.

ಹೀಗೆ ಕಿರುಗುಂಪಿಗೆ ಎರಡು ಲಕ್ಷಣಗಳು ಆವಶ್ಯಕ. ಪ್ರತಿಯೊಬ್ಬರ ಕೈಯಲ್ಲಿಯೂ ಇತರರ ಬಳಿ ಇಲ್ಲದ ಏನಾದರೂ ಇರಬೇಕು. ಮತ್ತು ಆ ಎಲ್ಲವನ್ನೂ ಕೂಡಿಸಿದಾಗ ಅವು ಸುಲಭವಾಗಿ ಹೊಂದಿಕೊಳ್ಳದೆ ವಾದಕ್ಕೆ ಎಡೆಕೊಡಬೇಕು. ಹೊಂದಿಕೊಳ್ಳುವ ತುಣುಕುಗಳನ್ನು ಅಂಟಿಸುವುದಷ್ಟೇ ಆದರೆ ಅದು ಹಂಚಿಕೊಂಡ ಕೆಲಸವಾಗುತ್ತದೆಯೇ ಹೊರತು ಕೂಡಿ ಮಾಡಿದ ಕೆಲಸವಾಗುವುದಿಲ್ಲ.

೩

ಈ ಎರಡನೆಯ ಲಕ್ಷಣದ ದೃಷ್ಟಿಯಿಂದಲೇ ನಾವು ಹೆಮ್ಮರಗಾಲವನ್ನು ಆರಿಸಿಕೊಂಡೆವು. ಇಲ್ಲಿನ ವೇಣುಗೋಪಾಲಸ್ವಾಮಿಗೆ ಸಂತಾನ ವೇಣುಗೋಪಾಲನೆಂಬ ಹೆಸರುಂಟು. ಮಕ್ಕಳಿಲ್ಲದ ದಂಪತಿಗಳು ದೂರದೂರದಿಂದ ಹರಕೆ ಹೊತ್ತು ಬರುತ್ತಾರೆ. ಸ್ಥಳಪುರಾಣವು ಕ್ಷೇತ್ರವನ್ನು ಕೌಂಡಿನ್ಯ ಮಹರ್ಷಿಯ ಹೆಸರಿನೊಡನೆ ಸೇರಿಸುತ್ತದೆ. ಇನ್ನೊಂದು ಐತಿಹ್ಯವು ಒಬ್ಬ ಚೋಳ ಅರಸನದು. ಆತನಿಗೆ ಹೆಣ್ಣುಮಕ್ಕಳೇ ಹುಟ್ಟುತ್ತಿದ್ದುವಂತೆ. ಹರಕೆ ಹೊತ್ತ ಮೇಲೂ ಹೆಣ್ಣೇ ಹುಟ್ಟಲು ಆತನು ಮುನಿದು ದೇವರನ್ನು ಹುಚ್ಚು ಗೋಪಾಲನೆಂದು ಜರೆದನಂತೆ. ಕಡೆಗೆ ಸ್ವಾಮಿಯ ಅನುಗ್ರಹದಿಂದ ಆ ಹೆಣ್ಣು ಶಿಶುವೇ ಗಂಡಾಯಿತಂತೆ.

ಒಂದು ಗುಂಪಿಗೆ ಐವರಂತೆ ನಾವು ಐದು ಎಳೆಗಳನ್ನು ಮಾಡಿದೆವು. ಮೊದಲನೆಯದು ಶಾಸನಗಳ ಎಳೆ. ಬಿ. ಎಲ್. ರೈಸ್ ಅವರು ೧೮೯೪ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳೆರಡರ ಶಾಸನಗಳೂ ಸೇರಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಆವೃತ್ತಿಯೂ ಗ್ರಂಥಾಲಯದಲ್ಲಿ ದೊರೆಯುತ್ತದೆ. ಎರಡನೆಯದು ಐತಿಹ್ಯದ ಎಳೆ. ಊರಿನವರು ಕಥೆಯನ್ನು ಹೇಳುವ ಬಗೆಗಳನ್ನೆಲ್ಲ ಇದ್ದುದಿದ್ದಂತೆ ಬರೆದುಕೊಳ್ಳುವುದು. ಮೂರನೆಯದು ಜನಗಣತಿಯದು. ೨೦೦೧ ಮತ್ತು ೨೦೧೧ರ ಗಣತಿಗಳು ಹಳ್ಳಿಹಳ್ಳಿಗೂ ಜನಸಂಖ್ಯೆ, ಸಾಕ್ಷರತೆ, ಕಸುಬು, ಆರು ವರ್ಷದವರೆಗಿನ ಗಂಡು ಹೆಣ್ಣುಮಕ್ಕಳ ಸಂಖ್ಯೆ ಇವನ್ನು ಕೊಡುತ್ತವೆ. ನಾಲ್ಕನೆಯದು ನೆಲ ಮತ್ತು ನೀರಿನದು: ಇನಾಮು ರದ್ದಿಯತಿ, ೧೯೭೪ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾನೂನು, ಅದೇ ವರ್ಷ ಮುಗಿದ ಕಬಿನಿ ಜಲಾಶಯ ಇವುಗಳಿಂದ ಈ ಸೀಮೆಯ ಹೊಲಗದ್ದೆಗಳಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬ ಪ್ರಶ್ನೆ. ಐದನೆಯದು ಬರಿಯ ನೋಟದ್ದು. ಒಂದು ಹಗಲು ದೇವಸ್ಥಾನದ ಅಂಗಳದಲ್ಲಿಯೂ ಊರಿನ ಬೀದಿಗಳಲ್ಲಿಯೂ ಏನು ನಡೆಯಿತೆಂಬುದನ್ನು ಯಾರನ್ನೂ ಏನನ್ನೂ ಕೇಳದೆ, ಏನನ್ನೂ ಊಹಿಸದೆ, ಗಂಟೆಗಂಟೆಗೆ ಬರೆಯುವುದು.

ಕೆಲಸದ ಕ್ರಮ ಸರಳವಾದುದು. ಮೂವತ್ತು ಜನರ ತರಗತಿಯಾದರೆ ಐವರಂತೆ ಆರು ಮೂಲಗುಂಪುಗಳಾಗುತ್ತವೆ. ಒಂದೊಂದು ಎಳೆಯನ್ನು ಹಿಡಿದ ಆರು ಜನ, ಅಂದರೆ ಗುಂಪಿಗೊಬ್ಬರಂತೆ, ಮೊದಲು ತಾವೇ ಒಂದು ವಿಷಯಗೋಷ್ಠಿಯಾಗಿ ಸೇರಿ ತಮ್ಮ ಸಾಮಗ್ರಿಯನ್ನು ಅರ್ಥಮಾಡಿಕೊಳ್ಳುತ್ತಾರೆ. ಶಾಸನದ ಭಾಷೆ ತಿಳಿಯದ ವಿದ್ಯಾರ್ಥಿಗೆ ತಿಳಿದವನು ಇಲ್ಲಿ ನೆರವಾಗುತ್ತಾನೆ. ಅನಂತರ ಎಲ್ಲರೂ ಮೂಲಗುಂಪಿಗೆ ಹಿಂದಿರುಗಿ ಉಳಿದ ನಾಲ್ವರಿಗೆ ತಮ್ಮ ಎಳೆಯನ್ನು ಬೋಧಿಸುತ್ತಾರೆ. ಕಡೆಗೆ ಗುಂಪು ಒಂದು ಪ್ರಶ್ನೆಗೆ ಕೂಡಿ ಉತ್ತರ ಬರೆಯಬೇಕು. ಆ ಪ್ರಶ್ನೆ ಐದು ಎಳೆಗಳಲ್ಲಿ ಯಾವುದೊಂದರಿಂದಲೇ ಬಿಡಿಸಲಾಗದಂಥದಾಗಿರಬೇಕು.

ಒಂದು ಉದಾಹರಣೆಯನ್ನು ಕೊಡುತ್ತೇವೆ. ಚೋಳ ಅರಸನ ಕಥೆಯನ್ನು ಇತಿಹಾಸದ ವಿದ್ಯಾರ್ಥಿ ಎಷ್ಟರಮಟ್ಟಿಗೆ ನಂಬಬಹುದು? ಇದು ಕಟ್ಟುಕಥೆ, ಬಿಟ್ಟುಬಿಡೋಣ ಎಂದು ಕೆಲವರು ಮೊದಲೇ ತೀರ್ಮಾನಿಸಿದ್ದರು. ಊರಿನವರು ಹೇಳುವಾಗ ಸುಳ್ಳೇಕೆ ಎಂದು ಇನ್ನು ಕೆಲವರು. ಶಾಸನದ ಎಳೆ ಹಿಡಿದವರು ಬಂದು, ಸುಮಾರು ೧೦೦೪ರಲ್ಲಿ ಚೋಳರು ತಲಕಾಡನ್ನು ಗೆದ್ದು ಅದಕ್ಕೆ ರಾಜರಾಜಪುರವೆಂದು ಹೆಸರಿಟ್ಟುದನ್ನೂ, ೧೧೧೬ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನನು ಅದನ್ನು ಮರಳಿ ಪಡೆದು ತಲಕಾಡುಗೊಂಡನೆನಿಸಿದುದನ್ನೂ ಎತ್ತಿಹೇಳಿದರು. ನೂರು ವರ್ಷಕ್ಕೂ ಮಿಕ್ಕು ಈ ಸೀಮೆಯಲ್ಲಿ ಚೋಳರ ಆಳ್ವಿಕೆಯಿತ್ತೆಂಬುದು ನಿರ್ವಿವಾದ. ಹಾಗೆಂದು ಕಥೆ ನಿಜವಾಯಿತೆ? ಇಲ್ಲ. ಕಥೆಯೊಳಗಿನ ಘಟನೆಗೆ ಶಾಸನದ ಆಧಾರ ಬೇರೆ, ಕಥೆಯಲ್ಲಿ ಉಳಿದುಬಂದ ಆಳ್ವಿಕೆಯ ನೆನಪು ಬೇರೆ. ಇವೆರಡನ್ನೂ ಬೇರ್ಪಡಿಸಿ ನೋಡಲು ವಿದ್ಯಾರ್ಥಿಗಳು ಒಂದು ಗಂಟೆಯ ವಾದದಲ್ಲಿ ಕಲಿತರು. ನಾವು ಅದನ್ನು ಆಧಾರಗಳ ಪರಿಶೀಲನೆಯೆಂಬ ಹೆಸರಿನಿಂದ ಹಲವು ವರ್ಷ ಉಪನ್ಯಾಸದಲ್ಲಿ ಹೇಳಿದ್ದೆವು.

೪

ಇನ್ನು ನಮ್ಮ ತಪ್ಪಿನ ವಿಚಾರ. ಮೊದಲನೆಯ ವರ್ಷ ನಾವು ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿ ವಿದ್ಯಾರ್ಥಿಗಳ ಕೈಗೆ ಕೊಟ್ಟು ಕಳುಹಿಸಿದೆವು. ಎಲ್ಲಿಂದ ಬಂದಿರಿ, ಎಷ್ಟನೆಯ ಬಾರಿ, ಹರಕೆ ಏನು ಎಂಬ ಪ್ರಶ್ನೆಗಳು ಅದರಲ್ಲಿದ್ದುವು. ಕಾಗದದ ಮೇಲೆ ಅವು ನಿರಪಾಯವಾಗಿ ಕಂಡಿದ್ದುವು. ಒಂದು ಗುಂಪಿನವರು ಹರಕೆ ತೀರಿಸಲು ಬಂದವರೆಂದು ಭಾವಿಸಿ ದಂಪತಿಗಳಿಬ್ಬರನ್ನು ಸುತ್ತುಗಟ್ಟಿ ಕೇಳಿದರು. ಅವರು ಹರಕೆ ತೀರಿಸಲು ಬಂದವರಾಗಿರಲಿಲ್ಲ. ಹಲವು ವರ್ಷಗಳಿಂದ ಬರುತ್ತಲೇ ಇದ್ದವರು. ಆ ಹೆಂಗಸು ಏನನ್ನೂ ಹೇಳದೆ ಸೆರಗು ಮುಖಕ್ಕೆ ಎಳೆದುಕೊಂಡು ಕಂಬದ ಮರೆಗೆ ಸರಿದರು. ವಿದ್ಯಾರ್ಥಿಗಳು ತಲೆತಗ್ಗಿಸಿ ಹಿಂದಿರುಗಿದರು. ತಪ್ಪು ಅವರದಲ್ಲ, ನಮ್ಮದು. ಪರರ ಸಂಕಟವನ್ನು ನಾವು ಅಂಕಣ ತುಂಬುವ ಮಾಹಿತಿಯಾಗಿ ಕಂಡಿದ್ದೆವು.

ಅಂದಿನಿಂದ ಎರಡು ನಿಯಮಗಳನ್ನು ಮಾಡಿಕೊಂಡಿದ್ದೇವೆ. ಮೊದಲನೆಯದಾಗಿ, ಹರಕೆಗೆ ಬಂದವರನ್ನು ವಿದ್ಯಾರ್ಥಿಗಳು ಪ್ರಶ್ನಿಸುವಂತಿಲ್ಲ; ಅವರಾಗಿ ಮಾತಿಗೆ ಬಂದರೆ ಕೇಳಬಹುದು, ಬರೆದುಕೊಳ್ಳಲು ಅನುಮತಿ ಬೇಡಬೇಕು. ಎರಡನೆಯದಾಗಿ, ಹೊರಡುವ ಮೊದಲು ಪ್ರತಿಯೊಂದು ಗುಂಪೂ ತನ್ನ ಪ್ರಶ್ನೆಗಳನ್ನು ತನ್ನವರಿಗೇ ಹಾಕಿ ಉತ್ತರ ಪಡೆಯಬೇಕು. ನಿಮ್ಮ ಮನೆಯ ಜಮೀನೆಷ್ಟು, ಸಾಲವೆಷ್ಟು, ಯಾವ ಜಾತಿ ಎಂದು ಪಕ್ಕದಲ್ಲಿ ಕುಳಿತವನು ಕೇಳಿದಾಗ ತಮ್ಮ ನಾಲಿಗೆ ಏಕೆ ತಡವರಿಸಿತೆಂಬುದನ್ನು ಅರಿತವರು ಬೇರೆಯವರನ್ನು ಕೇಳುವಾಗ ಎಚ್ಚರ ವಹಿಸುತ್ತಾರೆ. ಈ ಅಭ್ಯಾಸ ಐವರ ಗುಂಪಿನಲ್ಲಿ ಸಾಧ್ಯ. ಎಂಬತ್ತು ಜನರ ಮುಂದೆ ಅಸಾಧ್ಯ.

೫

ಎರಡನೆಯ ತಪ್ಪು ಇದಕ್ಕಿಂತ ಸೂಕ್ಷ್ಮವಾದುದು, ತಿಳಿಯಲು ಕಾಲ ಹಿಡಿಯಿತು. ಗುಂಪುಗಳನ್ನು ವಿದ್ಯಾರ್ಥಿಗಳೇ ಮಾಡಿಕೊಳ್ಳಲೆಂದು ಮೊದಲು ಬಿಟ್ಟಿದ್ದೆವು. ಸ್ನೇಹಿತರು ಸ್ನೇಹಿತರೊಡನೆ ಸೇರಿದರು. ಪಟ್ಟಿಯನ್ನು ನೋಡಿದಾಗ, ಪಟ್ಟಣದವರು ಒಂದು ಕಡೆ, ಹಳ್ಳಿಯವರು ಒಂದು ಕಡೆ, ಹುಡುಗಿಯರು ಬೇರೆ, ಒಂದೇ ವಿದ್ಯಾರ್ಥಿನಿಲಯದವರು ಬೇರೆ. ನಾವು ಬೋಧಿಸಹೊರಟಿದ್ದ ಸಮಾಜವು ನಮ್ಮ ಹಾಜರಿ ಪುಸ್ತಕದ ಮೇಲೆ ತಾನಾಗಿ ರೂಪುಗೊಂಡಿತ್ತು. ಮರುವರ್ಷ ಚೀಟಿ ಎತ್ತಿ ಗುಂಪು ಮಾಡಿದೆವು. ಆಗಲೂ ಗಂಡುಮಕ್ಕಳು ಊರಿನವರೊಡನೆ ಮಾತನಾಡುವುದು, ಹೆಣ್ಣುಮಕ್ಕಳು ದುಂಡಾಗಿ ಬರೆಯುವುದು ಎಂಬ ಏರ್ಪಾಡು ಯಾರೂ ಹೇಳದೆಯೇ ನಡೆದುಬಂದಿತು. ಮಾತುಗಾರನು ಯಾವ ಬೀದಿಗೆ ಹೋದನೋ ಗುಂಪು ಆ ಬೀದಿಯನ್ನಷ್ಟೇ ಕಂಡಿತು.

ಇಲ್ಲಿ ನಮಗೆ ನೆನಪಾದುದು ಪ್ರೊ. ಎಂ. ಎನ್. ಶ್ರೀನಿವಾಸ್ ಅವರ ಕೃತಿ. ಮೈಸೂರಿನವರೂ ಮಹಾರಾಜ ಕಾಲೇಜಿನ ವಿದ್ಯಾರ್ಥಿಯೂ ಆಗಿದ್ದ ಅವರು ೧೯೪೮ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ನೆಲಸಿ ಅಧ್ಯಯನ ನಡೆಸಿ, ಅದನ್ನು ರಾಂಪುರವೆಂಬ ಕಲ್ಪಿತ ಹೆಸರಿನಿಂದ ಲೋಕಕ್ಕೆ ಪರಿಚಯಿಸಿದರು. ಪ್ರಬಲ ಜಾತಿಯೆಂಬ ಪರಿಕಲ್ಪನೆ ಬೆಳೆದುದು ಈ ಕೆಲಸದಿಂದ. ೧೯೭೦ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಸುಟ್ಟುಹೋಗಲು, ನೆನಪಿನಿಂದಲೇ ಆ ಹಳ್ಳಿಯನ್ನು ಕುರಿತ ಗ್ರಂಥವನ್ನು ಬರೆದು ೧೯೭೬ರಲ್ಲಿ ಪ್ರಕಟಿಸಿದರು. ಆ ಗ್ರಂಥದ ಒಂದು ದೊಡ್ಡ ಗುಣ ಅದರ ಪ್ರಾಮಾಣಿಕತೆ. ತಾವು ಊರಿನ ಮುಖ್ಯಸ್ಥನ ಆಶ್ರಯದಲ್ಲಿದ್ದುದರಿಂದ ತಮ್ಮ ನೋಟ ಮೇಲಿನ ಜಾತಿಗಳ ಕಡೆಯಿಂದ ಬಂದುದೆಂಬುದನ್ನೂ, ದಲಿತರ ಮತ್ತು ಹೆಂಗಸರ ಬಾಳು ತಮಗೆ ಅಷ್ಟಾಗಿ ತೆರೆದುಕೊಳ್ಳಲಿಲ್ಲವೆಂಬುದನ್ನೂ ಅವರು ಮರೆಮಾಚಲಿಲ್ಲ. ಅಷ್ಟು ದೊಡ್ಡ ವಿದ್ವಾಂಸರ ಕಣ್ಣಿಗೇ ಕುಳಿತ ಜಗಲಿಯ ಮಿತಿಯಿದ್ದಿತೆಂದರೆ, ಒಂದು ಹಗಲಿಗೆ ಹೋಗಿಬರುವ ವಿದ್ಯಾರ್ಥಿಯ ಪಾಡೇನು?

ಒಬ್ಬನಿಗೆ ಐದು ಜಗಲಿಗಳಲ್ಲಿ ಕುಳಿತುಕೊಳ್ಳುವುದು ಸಾಧ್ಯವಿಲ್ಲ, ಐವರಿಗೆ ಸಾಧ್ಯ. ಕಿರುಗುಂಪಿನ ನಿಜವಾದ ಪ್ರಯೋಜನ ಇದೇ ಎಂಬುದು ನಮ್ಮ ಮತ. ಆದುದರಿಂದ ಈಗ ಗುಂಪಿನೊಳಗಿನ ಕೆಲಸಗಳನ್ನು ನಾವೇ ಸರದಿಯಂತೆ ನಿಗದಿ ಮಾಡುತ್ತೇವೆ. ಬರೆಯುವ ಕೆಲಸ ಪ್ರತಿ ಗೋಷ್ಠಿಗೂ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ. ಪ್ರತಿಯೊಬ್ಬರೂ ಒಂದು ಸುತ್ತು ಮಾತನಾಡುವವರೆಗೆ ಯಾರೂ ಎರಡನೆಯ ಬಾರಿ ಮಾತನಾಡುವಂತಿಲ್ಲ. ಗೋಷ್ಠಿ ಮುಗಿದ ಮೇಲೆ ಗುಂಪು ಒಂದು ಪುಟವನ್ನು ತನ್ನನ್ನು ಕುರಿತೇ ಬರೆಯಬೇಕು: ಇಂದು ಹೆಚ್ಚು ಮಾತನಾಡಿದವರು ಯಾರು, ಯಾರ ಮಾತು ಅರ್ಧದಲ್ಲಿ ನಿಂತಿತು, ಯಾರ ಸಲಹೆ ಒಪ್ಪಿಗೆಯಾಯಿತು, ಏಕೆ? ಅಧಿಕಾರ, ಅಂತಸ್ತು, ಸಮ್ಮತಿ ಎಂಬ ಶಬ್ದಗಳು ಪಠ್ಯಪುಸ್ತಕದಿಂದ ಇಳಿದು ಬಂದು ಅವರ ಬೆಂಚಿನ ಮೇಲೆ ಕುಳಿತುಕೊಳ್ಳುವುದು ಈ ಪುಟದಲ್ಲಿ.

ಈ ಏರ್ಪಾಡಿನ ಫಲವನ್ನು ಒಂದು ಸಂದರ್ಭದಿಂದ ತಿಳಿಸಬಹುದು. ಎರಡು ಸೆಮಿಸ್ಟರ್‌ಗಳ ಕಾಲ ತರಗತಿಯಲ್ಲಿ ಬಾಯಿ ಬಿಡದಿದ್ದ ವಿದ್ಯಾರ್ಥಿನಿಯೊಬ್ಬಳ ಪಾಲಿಗೆ ಜನಗಣತಿಯ ಎಳೆ ಬಂದಿತ್ತು. ಕರ್ನಾಟಕದಲ್ಲಿ ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ ೨೦೦೧ರಲ್ಲಿ ೯೪೬, ೨೦೧೧ರಲ್ಲಿ ೯೪೮ ಹೆಣ್ಣುಮಕ್ಕಳಿದ್ದರೆಂಬ ಅಂಕಿಗಳನ್ನು ಅವಳು ಗುಂಪಿಗೆ ವಿವರಿಸಿದಳು. ಐತಿಹ್ಯದ ಎಳೆಯವನು ಹೆಣ್ಣು ಶಿಶು ಗಂಡಾದ ಕಥೆಯನ್ನು ಉತ್ಸಾಹದಿಂದ ಹೇಳಿ ಮುಗಿಸಿದ್ದನಷ್ಟೆ. ಅವಳು ಮೆಲ್ಲಗೆ, ಆ ವರ ಯಾರಿಗೆ ದೊರೆತಂತಾಯಿತು, ಅರಸನಿಗೋ ಮಗುವಿಗೋ ಎಂದು ಕೇಳಿದಳು. ಗುಂಪು ಸ್ತಬ್ಧವಾಯಿತು. ಆಮೇಲೆ ವಾದ ಬಿರುಸಾಗಿ ನಡೆಯಿತು. ನೋಟದ ಎಳೆಯವಳು, ಅಂಗಳದಲ್ಲಿ ತಾನು ಕಂಡವರು ತೊಟ್ಟಿಲ ಕೂಸಿಗಾಗಿ ಹಂಬಲಿಸಿ ಬಂದವರೆಂದೂ, ಗಂಡೇ ಬೇಕೆಂದ ಮಾತು ತನ್ನ ಕಿವಿಗೆ ಬೀಳಲಿಲ್ಲವೆಂದೂ ಹೇಳಿದಳು. ಕೇಳಿಸಲಿಲ್ಲವೆಂದ ಮಾತ್ರಕ್ಕೆ ಇಲ್ಲವೆನ್ನಬಹುದೇ ಎಂದು ಮತ್ತೊಬ್ಬನು ಆಕ್ಷೇಪಿಸಿದನು. ಒಂದು ರಾಜ್ಯದ ಸರಾಸರಿಯಿಂದ ಒಂದು ಊರಿನ ಮನಸ್ಸನ್ನು ಅಳೆಯಲಾಗದೆಂಬ ಮಾತನ್ನು ಕಡೆಗೆ ಅವಳೇ ಒಪ್ಪಿದಳು. ಗುಂಪಿನ ವರದಿ ಒಮ್ಮತಕ್ಕೆ ಬರಲಿಲ್ಲ. ಎರಡು ಅಭಿಪ್ರಾಯಗಳನ್ನೂ ಆಧಾರಸಹಿತ ಬರೆದು ಒಪ್ಪಿಸಿದರು. ನಮ್ಮ ಕೈಸೇರಿದ ವರದಿಗಳಲ್ಲಿ ಅದೇ ಉತ್ತಮವಾದುದು.

೬

ಈ ಕ್ರಮದ ವಿರುದ್ಧ ಮೂರು ಆಕ್ಷೇಪಗಳನ್ನು ಸಾಮಾನ್ಯವಾಗಿ ಕೇಳುತ್ತೇವೆ. ಪಠ್ಯ ಮುಗಿಯುವುದಿಲ್ಲವೆಂಬುದು ಮೊದಲನೆಯದು. ಇದು ಸುಳ್ಳಲ್ಲ. ಎಲ್ಲ ಪಾಠಗಳನ್ನೂ ಹೀಗೆ ನಡೆಸಬೇಕೆಂದು ನಾವು ಹೇಳುತ್ತಿಲ್ಲ. ವಿಷಯದ ಚೌಕಟ್ಟನ್ನು ಕಟ್ಟಿಕೊಡಲು ಉಪನ್ಯಾಸಕ್ಕೆ ಸಮನಾದುದಿಲ್ಲ. ಸೆಮಿಸ್ಟರಿಗೆ ಒಂದು ಅಥವಾ ಎರಡು ಘಟಕಗಳನ್ನು ಗುಂಪಿಗೆ ಬಿಟ್ಟರೆ ಸಾಕು. ತರಗತಿ ದೊಡ್ಡದೆಂಬುದು ಎರಡನೆಯದು. ಅರುವತ್ತು ಜನರಿದ್ದರೆ ಹನ್ನೆರಡು ಗುಂಪುಗಳಾಗುತ್ತವೆ. ಎರಡು ಭಾಗ ಮಾಡಿ ವಾರ ಬಿಟ್ಟು ವಾರ ನಡೆಸಬಹುದು. ಪ್ರಯಾಣದ ಖರ್ಚು ಮೂರನೆಯದು. ಊರಿಗೆ ಹೋಗುವುದು ಅನಿವಾರ್ಯವೇನಲ್ಲ. ಜನಗಣತಿಯ ಪುಟಗಳು, ಶಾಸನ ಸಂಪುಟಗಳು, ಒಂದು ಹಳೆಯ ನಕ್ಷೆ ಇಷ್ಟರಿಂದಲೇ ಗ್ರಂಥಾಲಯದಲ್ಲಿ ಗುಂಪಿನ ಪಾಠ ನಡೆಯುತ್ತದೆ. ಹೋಲಿಕೆಯ ಪಾಠ ಬೇಕಾದರೆ ಸ್ಕಾರ್ಲೆಟ್ ಎಪ್‌ಸ್ಟೀನ್ ಅವರು ಮಂಡ್ಯದ ಬಳಿಯ ಎರಡು ಹಳ್ಳಿಗಳನ್ನು ಕುರಿತು ೧೯೬೨ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ನಾಲೆಯ ನೀರು ಬಂದ ಹಳ್ಳಿಯೊಂದು, ಬಾರದ ಹಳ್ಳಿಯೊಂದು. ನೀರು ಬಂದ ಊರು ಬೇಸಾಯದಲ್ಲಿಯೇ ಬೆಳೆದು ಹಳೆಯ ಸಂಬಂಧಗಳನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ಬಾರದ ಊರಿನವರು ಹೊರಗಿನ ಕಸುಬುಗಳನ್ನು ಅರಸಿಹೋಗಲು ಅಲ್ಲಿನ ಸಂಬಂಧಗಳೇ ಬದಲಾದವು. ಅರ್ಧ ಗುಂಪಿಗೆ ಒಂದು ಹಳ್ಳಿ, ಇನ್ನರ್ಧಕ್ಕೆ ಇನ್ನೊಂದು ಎಂದು ಕೊಟ್ಟು ನೋಡಿದರೆ ಈ ತೀರ್ಮಾನಕ್ಕೆ ವಿದ್ಯಾರ್ಥಿಗಳೇ ಬರುತ್ತಾರೆ.

ಅಂಕಗಳ ವಿಚಾರ ಒಂದು ಮಾತು. ಗುಂಪಿಗೆಲ್ಲ ಒಂದೇ ಅಂಕ ಕೊಟ್ಟರೆ ದುಡಿದವನಿಗೆ ಅನ್ಯಾಯ; ಒಬ್ಬೊಬ್ಬರಿಗೇ ಕೊಟ್ಟರೆ ಗುಂಪು ಒಡೆಯುತ್ತದೆ. ನಾವು ಆಂತರಿಕ ಅಂಕಗಳಲ್ಲಿ ಅರ್ಧವನ್ನು ಕೂಡು ವರದಿಗೂ ಅರ್ಧವನ್ನು ಮೌಖಿಕ ಪರೀಕ್ಷೆಗೂ ಇಟ್ಟಿದ್ದೇವೆ. ಮೌಖಿಕದಲ್ಲಿ ಯಾರನ್ನೂ ಅವರ ಎಳೆಯ ಬಗ್ಗೆ ಕೇಳುವುದಿಲ್ಲ; ಜೊತೆಯವರ ಎಳೆಯ ಬಗ್ಗೆ ಕೇಳುತ್ತೇವೆ. ಶಾಸನ ಓದಿದವನು ಜನಗಣತಿಯನ್ನು ವಿವರಿಸಬೇಕು. ಹೀಗೆ ಮಾಡಿದ ಮೇಲೆ ಗುಂಪುಗಳಲ್ಲಿ ಕೇಳುವ ಕಿವಿಗಳು ಹೆಚ್ಚಿವೆ.

ಅಧ್ಯಾಪಕರಿಗೆ ಈ ಕ್ರಮದಲ್ಲಿ ಶ್ರಮ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಉಪನ್ಯಾಸದ ದಿನ ಮಾತನಾಡಿದರೆ ಸಾಕು. ಗುಂಪಿನ ದಿನಕ್ಕೆ ಮುಂಚೆ ಎಳೆಗಳನ್ನು ಆರಿಸಬೇಕು, ಆ ದಿನ ಸುಮ್ಮನಿರಬೇಕು. ಸುಮ್ಮನಿರುವುದು ನಮಗೆ ಬಹು ಕಷ್ಟವಾಯಿತೆಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ವಾದದ ನಡುವೆ ನಾವು ಬಾಯಿ ಹಾಕಿದಾಗಲೆಲ್ಲ ಐದು ತಲೆಗಳೂ ನಮ್ಮ ಕಡೆಗೆ ತಿರುಗಿ, ವಾದವು ಅಲ್ಲಿಗೇ ನಿಂತುದನ್ನು ಕಂಡಿದ್ದೇವೆ. ತನ್ನಿಂದ ಭಿನ್ನವಾದ ಬೀದಿಯಿಂದ ಬಂದವರ ಮಾತನ್ನು ಕೊನೆಯವರೆಗೂ ಕೇಳಿ, ಆಧಾರ ಕೇಳಿ, ಒಪ್ಪದಿದ್ದರೂ ಅದನ್ನು ಸರಿಯಾಗಿ ಬರೆದಿಡಬಲ್ಲ ಪದವೀಧರರು ಹೊರಬಂದರೆ ಸಮಾಜ ವಿಜ್ಞಾನದ ಬೋಧನೆ ಸಾರ್ಥಕವಾದಂತೆ. ಅದಕ್ಕೆ ಬೇಕಾದ ಅಭ್ಯಾಸವನ್ನು ಐದು ಜನರ ನಡುವೆ ಆರಂಭಿಸುವುದು ಅಸಾಧ್ಯವಲ್ಲ. ಇತರ ಕಾಲೇಜುಗಳ ಮಿತ್ರರು ತಮ್ಮ ಸಮೀಪದ ಊರುಗಳನ್ನು ಆರಿಸಿಕೊಂಡು ಇದನ್ನು ಪರೀಕ್ಷಿಸಿ, ನಮ್ಮ ಕ್ರಮದಲ್ಲಿ ಉಳಿದಿರುವ ದೋಷಗಳನ್ನು ತಿದ್ದುವರೆಂದು ಆಶಿಸುತ್ತೇವೆ.